ಮಣಿಕಟ್ಟಿಗೊಂದು ತೊಟ್ಟು ವೆನಿಲ್ಲಾ

ಬೀದಿಯವರು ಅವಳನ್ನು ಸೆಂಟಕ್ಕ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಒಂದಿತ್ತು, ಇಲ್ಲದೆ ಏನು. ಆದರೆ ಅದನ್ನು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ದೂರವಾದ ಮೇಲೆ ಹೆಸರೂ ಮೂಲೆ ಸೇರಿತು. ದೊಡ್ಡ ಬಟ್ಟೆ ಅಂಗಡಿಯೊಂದರ ನೆಲಮಹಡಿಯಲ್ಲಿ, ಬಾಗಿಲು ದಾಟಿದ ಕೂಡಲೇ ಎದುರಾಗುವ ಸೆಂಟಿನ ಗಾಜಿನ ಕೌಂಟರು ಅವಳದು. ಮದುವೆಗೆ ಮುಂಚೆ ಅಲ್ಲಿ ನಿಂತವಳು ಕೂದಲು ನರೆತರೂ ಅಲ್ಲೇ ನಿಂತಿದ್ದಳು. ಕೌಂಟರಿನ ಹಿಂದೆ ಕುರ್ಚಿ ಹಾಕಿದರೆ ಗಿರಾಕಿಗೆ ಅಗೌರವವಂತೆ. ಆ ನಿಯಮ ಮಾಡಿದ ಮಹಾನುಭಾವ ಒಂದು ಹೊತ್ತಾದರೂ ಕಾಲು ಊದಿಸಿಕೊಂಡು ನಿಂತು ನೋಡಿದ್ದರೆ ಮಾತು ಬೇರೆ.

ಅವಳ ಹತ್ತಿರ ಬರುವವರೆಲ್ಲ ಒಂದೇ ಪಲ್ಲವಿ ಹಾಡುತ್ತಿದ್ದರು. “ಸಿಹಿ ಸಿಹಿ ವಾಸನೆ ಬೇಡಪ್ಪ, ಬೇರೆ ಥರದ್ದು ಏನಾದ್ರೂ ತೋರ್ಸಿ.” ಸೆಂಟಕ್ಕ ಆಗಲಿ ಎಂದು ತಲೆಯಾಡಿಸಿ, ಒಂದು ಮಣಿಕಟ್ಟಿಗೆ ಅವರು ಕೇಳಿದ ಬೇರೆ ಥರದ್ದನ್ನು ಹಚ್ಚುತ್ತಿದ್ದಳು, ಇನ್ನೊಂದಕ್ಕೆ ಕೇಳದೆಯೇ ವೆನಿಲ್ಲಾ ಬೆರೆತದ್ದನ್ನು. “ಈಗ್ಲೇ ಮೂಸಬೇಡಿ. ಬಟ್ಟೆ ಗಿಟ್ಟೆ ನೋಡಿ, ಒಂದು ಸುತ್ತು ಹಾಕ್ಕೊಂಡು ಬನ್ನಿ” ಎಂದು ಕಳಿಸುತ್ತಿದ್ದಳು. ಅವಳ ಕಸುಬಿನ ಗುಟ್ಟೆಲ್ಲ ಆ ಒಂದು ಸುತ್ತಿನಲ್ಲಿತ್ತು. ಹೂವಿನದು, ಹಣ್ಣಿನದು ಎಲ್ಲ ಮೊದಲು ಹಾರಿಹೋಗುವ ವಾಸನೆಗಳು. ವೆನಿಲ್ಲಾ ತಳದಲ್ಲಿ ಬಿದ್ದಿರುತ್ತದೆ, ಚರ್ಮ ಬಿಸಿಯಾದ ಮೇಲೆ ನಿಧಾನಕ್ಕೆ ಮೇಲೇಳುತ್ತದೆ, ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ. ಗಿರಾಕಿ ಮರಳಿ ಬರುವಾಗ ಎರಡನೆಯ ಮಣಿಕಟ್ಟು ಮೂಗಿನ ಹತ್ತಿರವೇ ಇರುತ್ತಿತ್ತು. ಹೆಗಲು ಇಳಿದಿರುತ್ತಿತ್ತು, ಹುಬ್ಬಿನ ಗಂಟು ಸಡಿಲವಾಗಿರುತ್ತಿತ್ತು.

“ಇದ್ರಲ್ಲಿ ಏನಿದೆ?”

“ವೆನಿಲ್ಲಾ.”

“ಐಸ್‌ಕ್ರೀಮಿಗೆ ಹಾಕೋದಾ? ಛೆ, ಛೆ” ಎನ್ನುತ್ತಲೇ ಅದನ್ನೇ ಕೊಂಡು ಹೋಗುತ್ತಿದ್ದರು.

ಯಾಕೆ ಹೀಗೆ ಎಂದು ಯಾರಾದರೂ ಕೇಳಿದರೆ ಸೆಂಟಕ್ಕನ ಬಳಿ ಉತ್ತರವಿತ್ತು. ಮಿಕ್ಕ ವಾಸನೆಗಳೆಲ್ಲ ‘ನನ್ನನ್ನು ನೋಡು’ ಅನ್ನುತ್ತವೆ, ಇದೊಂದು ‘ಬಾ, ಕೂತ್ಕೋ’ ಅನ್ನುತ್ತದೆ. ಹಾಲು, ಸಕ್ಕರೆ, ಬೆಚ್ಚಗಿನ ಅಡುಗೆಮನೆ, ಯಾರದೋ ಮಡಿಲು, ಇಷ್ಟೇ ಅದರಲ್ಲಿರುವುದು. ಎಂಥ ಕಟುಕನೂ ಒಂದು ಕಾಲಕ್ಕೆ ಕೂಸಾಗಿದ್ದವನೇ ತಾನೆ. ಬಾಟಲಿಯಲ್ಲಿರುವುದು ಬಳ್ಳಿಯ ಕಾಯಿಯದ್ದೂ ಅಲ್ಲ, ಕಾರ್ಖಾನೆಯಲ್ಲಿ ಕುದಿಸಿ ತೆಗೆದದ್ದು ಎಂದು ಅವಳಿಗೆ ಗೊತ್ತಿತ್ತು. ಮೂಗಿಗೆ ಆ ಭೇದ ಗೊತ್ತಾಗುವುದಿಲ್ಲ ಎಂಬುದೂ ಗೊತ್ತಿತ್ತು.

ಊರವರ ಹೆಗಲನ್ನೆಲ್ಲ ಇಳಿಸುತ್ತಿದ್ದ ಈ ಹೆಂಗಸು ಮನೆಗೆ ಬಂದರೆ ಮುಂಬಾಗಿಲಿನಿಂದ ಒಳಗೆ ಕಾಲಿಡುವಂತಿರಲಿಲ್ಲ. ಅದು ಅತ್ತೆಯ ಕಟ್ಟಪ್ಪಣೆ. ಮನೆಯ ಪಕ್ಕದ ಓಣಿಯಿಂದ ಹಿತ್ತಲಿಗೆ ಹೋಗಿ, ನಲ್ಲಿಯಲ್ಲಿ ಬಟ್ಟೆ ಸೋಪು ಹಚ್ಚಿ ಮೊಣಕೈವರೆಗೆ ಉಜ್ಜಿ, ಕತ್ತು ತೊಳೆದು, ಅಲ್ಲೇ ತಗಡಿನ ಮರೆಯಲ್ಲಿ ಬಟ್ಟೆ ಬದಲಿಸಿ, ಆಮೇಲೆ ಅಡುಗೆಮನೆ. “ಸೆಂಟಿನ ನಾತ ಹೊತ್ಕೊಂಡು ಬಂದು ಅನ್ನಕ್ಕೆ ಕೈ ಹಾಕ್ಬೇಡ. ತಿನ್ನೋರಿಗೆ ವಾಂತಿ ಬರುತ್ತೆ” ಎಂದು ಮದುವೆಯಾದ ಹೊಸದರಲ್ಲೇ ಹೇಳಿದ್ದಳು. ಚಳಿ ಇರಲಿ, ಜ್ವರ ಇರಲಿ, ಬಸುರಿಯಾಗಿ ಮೂರನೆಯ ತಿಂಗಳಿಗೆ ಅದು ನಿಲ್ಲದೆ ಹೋದ ವಾರವಿರಲಿ, ನಲ್ಲಿ ತಪ್ಪಲಿಲ್ಲ. ಒಳಗೆ ಬಂದ ಮೇಲೂ ಅತ್ತೆ ಅವಳ ಕೈ ಹಿಡಿದೆಳೆದು ಮೂಸಿ ನೋಡಿ ಬಿಡುತ್ತಿದ್ದಳು.

ಇಷ್ಟಾದರೂ ಅದೇ ಮನೆಯಲ್ಲಿ ವೆನಿಲ್ಲಾ ಘಮಘಮಿಸುತ್ತಿತ್ತು. ಅತ್ತೆಗೆ ಒಬ್ಬಳೇ ಮಗಳು. ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ಅಂಗಡಿಯಲ್ಲಿ ತಳ ಕಂಡ ಬಾಟಲಿಗಳನ್ನು ಸೆಂಟಕ್ಕ ಈ ನಾದಿನಿಗೆ ತಂದುಕೊಡುತ್ತಿದ್ದಳು, ಪುಟ್ಟಿ ಅದನ್ನು ಕತ್ತಿಗೆ, ಕಿವಿಯ ಹಿಂದೆ, ಕೂದಲಿಗೆ ಸುರಿದುಕೊಳ್ಳುತ್ತಿದ್ದಳು. ಅತ್ತೆ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು, “ನೋಡು, ನನ್ನ ಮಗಳು ಹಾಲು ಕುಡಿಯೋ ಕೂಸಿನ ಹಾಗೆ ವಾಸನೆ ಬರ್ತಾಳೆ” ಎನ್ನುತ್ತಿದ್ದಳು. ಮಗಳ ಮೇಲಿದ್ದರೆ ಸುವಾಸನೆ, ಸೊಸೆಯ ಮೇಲಿದ್ದರೆ ನಾತ. ನ್ಯಾಯ ಎಂದರೆ ಇದಪ್ಪ. ಸೆಂಟಕ್ಕನ ಗಂಡ ಇದನ್ನೆಲ್ಲ ಕಂಡೂ ಕಾಣದ ಹಾಗೆ ಇರುತ್ತಿದ್ದ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೆಷಿನ್ ನಡೆಸುವವನು, ಅವನ ಮೂಗು ಶಾಯಿಗೆ ಎಂದೋ ಸತ್ತುಹೋಗಿತ್ತು, ನಾಲಗೆ ಅಮ್ಮನಿಗೆ ಸತ್ತುಹೋಗಿತ್ತು. “ಸ್ವಲ್ಪ ಹೊಂದ್ಕೊಂಡು ಹೋಗು” ಅನ್ನುವುದೊಂದು ಅವನಿಗೆ ಬಾಯಿಪಾಠ.

ಅವಳಿಗೆ ತವರು ಅಂತ ಇದ್ದದ್ದು ತಾಯಿ ಮತ್ತು ಅಣ್ಣ. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಪುಟ್ಟಿಯ ಮದುವೆಯ ಮಾತುಕತೆ ನಡೆಯುತ್ತಿದ್ದಾಗ, ಬೀಗರಾಗುವವರು ಊಟಕ್ಕೆ ಬಂದ ದಿನ, ಸೆಂಟಕ್ಕ ರಜೆ ಹಾಕಿ ಬೆಳಗಿನಿಂದ ಒಲೆಯ ಮುಂದೆ ಬೆಂದಳು. ನೆಂಟರು ಹೊಟ್ಟೆ ಸವರಿಕೊಂಡು ಹೊರಟ ಮೇಲೆ, ಅವಳು ಪಾತ್ರೆಗೆ ಕೈ ಹಾಕಿದ್ದಾಗ, ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು, “ಈಗ ತಾನೇ ಫೋನ್ ಬಂತು. ನಿಮ್ಮಮ್ಮಂಗೆ ಹುಷಾರಿಲ್ವಂತೆ” ಎಂದಳು. ಸೆಂಟಕ್ಕ ಒದ್ದೆ ಕೈಯಲ್ಲೇ ಬಸ್ಸು ಹತ್ತಿದಳು. ತಲುಪುವ ಹೊತ್ತಿಗೆ ತಾಯಿಯ ಮೈ ತಣ್ಣಗಾಗಿತ್ತು.

ಅಣ್ಣ ಅವಳನ್ನು ಒಳಗೆ ಬಾ ಎನ್ನಲಿಲ್ಲ. “ಬೆಳಿಗ್ಗೇನೇ ಫೋನ್ ಮಾಡ್ದೆ. ನಿಮ್ಮತ್ತೆ ಹತ್ರ ನಾನೇ ಮಾತಾಡ್ದೆ. ಸಾಯೋವರೆಗೂ ಬಾಗಿಲು ಕಡೆ ನೋಡ್ತಾ ಇದ್ಲು ಅಮ್ಮ. ನೀನು ಈಗ ಬರ್ತಿದ್ದೀಯಾ?”

“ಈಗ ತಾನೇ ಬಂತು ಅಂದ್ರು, ಅಣ್ಣಾ.”

“ಹಾಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಾ?”

ಮನೆಗೆ ಮರಳಿ ಅತ್ತೆಯನ್ನು ಕೇಳಿದಳು. ಅತ್ತೆ ಕಣ್ಣಲ್ಲಿ ನೀರು ತಂದುಕೊಂಡು, ಬೆಳಿಗ್ಗೆ ಯಾವ ಫೋನೂ ಬಂದಿಲ್ಲ, ಬೇಕಾದರೆ ನನ್ನ ಮಗಳ ಮೇಲೆ ಆಣೆ ಎಂದಳು. “ನಮ್ಮಮ್ಮ ಇಂಥದ್ರಲ್ಲಿ ಸುಳ್ಳು ಹೇಳ್ತಾರೇನೇ” ಎಂದ ಗಂಡ. ಮಗಳ ಮೇಲೆ ಯಾವ ತಾಯಿ ಸುಳ್ಳು ಆಣೆ ಇಡುತ್ತಾಳೆ ಎಂದು ಸೆಂಟಕ್ಕನೂ ನಂಬಿದಳು. ತಡವಾಗಿ ಫೋನ್ ಮಾಡಿದ ತಪ್ಪು ಮುಚ್ಚಿಕೊಳ್ಳಲು ಅಣ್ಣ ತನ್ನ ಮೇಲೆ ಗೂಬೆ ಕೂರಿಸುತ್ತಿದ್ದಾನೆ ಎಂದುಕೊಂಡಳು, ಅದನ್ನು ಅವನಿಗೆ ಹೇಳಿಯೂ ಬಿಟ್ಟಳು. ಅಲ್ಲಿಗೆ ಅಣ್ಣ ತಂಗಿಯ ಮಾತು ನಿಂತಿತು. ಹೆಸರು ಹಿಡಿದು ಕರೆಯುವವರಲ್ಲಿ ಕೊನೆಯವನೂ ಹೋದ.

ಪುಟ್ಟಿ ಮದುವೆಯಾಗಿ ಊರಿನ ಆಚೆ ತುದಿಗೆ ಹೋದಳು. ಮೊದಮೊದಲು ವಾರಕ್ಕೊಮ್ಮೆ ಬಂದಳು, ಆಮೇಲೆ ಹಬ್ಬ ಹರಿದಿನಕ್ಕೆ, ಆಮೇಲೆ ಫೋನಿಗೆ ಇಳಿದಳು. ಅತ್ತೆಗೆ ಲಕ್ವ ಹೊಡೆದ ಮೇಲೆ ಬಂದು ಒಂದು ಗಳಿಗೆ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, “ನೋಡೋಕ್ಕಾಗಲ್ಲ ಅತ್ತಿಗೆ, ನನಗೆ ತಲೆ ಸುತ್ತುತ್ತೆ” ಎಂದು ಹೋದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಸೆಂಟಕ್ಕ ಫೋನ್ ಮಾಡಿ ಕರೆದರೂ ಅದೇ ಮಾತು.

ಲಕ್ವ ಅತ್ತೆಯ ಒಂದು ಮಗ್ಗುಲನ್ನೂ ಎರಡು ಕಣ್ಣನ್ನೂ ಒಯ್ದಿತ್ತು. ಕಿವಿ ಮಂದವಾಗಿತ್ತು. ನೆನಪು ಎಲ್ಲೆಲ್ಲೋ ಅಲೆಯುತ್ತಿತ್ತು. ಉಳಿದಿದ್ದು ನಾಲಗೆ ಮತ್ತು ಮೂಗು. ಸೆಂಟಕ್ಕ ಹಾಲಲ್ಲಿ ನೆನೆಸಿದ ಬ್ರೆಡ್ಡಿನ ಚಮಚ ಬಾಯಿಗೆ ಹಿಡಿದರೆ ಮೊದಲು ಅವಳ ಕೈ ಮೂಸುತ್ತಿದ್ದಳು. ಬಟ್ಟೆ ಸೋಪಿನ ವಾಸನೆ ಸಿಕ್ಕಿದ್ದೇ, “ಇವಳು ವಿಷ ಹಾಕ್ತಾಳೆ” ಎಂದು ಉಗಿಯುತ್ತಿದ್ದಳು. ಹಾಲು ಸೆಂಟಕ್ಕನ ಮುಖದ ಮೇಲಿಂದ ಇಳಿಯುತ್ತಿತ್ತು. ಒರೆಸಿಕೊಂಡು ಮತ್ತೆ ಚಮಚ ಎತ್ತುತ್ತಿದ್ದಳು. ಅತ್ತೆ ದಿನದಿನಕ್ಕೆ ಬಡಕಲಾದಳು.

ಹೀಗಿರುವಾಗ ಒಂದು ದಿನ ಕೌಂಟರಿನಲ್ಲಿ ಯಾರದೋ ಮಗು ಬಾಟಲಿ ಉರುಳಿಸಿತು. ವೆನಿಲ್ಲಾ ಸೆಂಟಕ್ಕನ ತೋಳಿಗೆಲ್ಲ ಚೆಲ್ಲಿತು. ಸಂಜೆ ಹಿತ್ತಲಿಗೆ ಹೋದರೆ ನಲ್ಲಿಯಲ್ಲಿ ನೀರಿಲ್ಲ, ಬೀದಿಯ ಪೈಪು ಒಡೆದಿತ್ತು. ಒಳಗೆ ಅತ್ತೆ ಒಂದೇ ಸಮನೆ ಕೂಗುತ್ತಿದ್ದಳು. ಆದದ್ದಾಗಲಿ ಎಂದು ಸೆಂಟಕ್ಕ ಹಾಗೆಯೇ ಒಳಗೆ ನುಗ್ಗಿದಳು. ಹಾಸಿಗೆಯ ಹತ್ತಿರ ಬಗ್ಗಿದಾಗ ಅತ್ತೆಯ ಕೂಗು ನಿಂತಿತು. ಮೂಗಿನ ಹೊಳ್ಳೆ ಅರಳಿತು. ಚೆನ್ನಾಗಿದ್ದ ಕೈ ಗಾಳಿಯಲ್ಲಿ ತಡಕಾಡಿ ಅವಳ ತೋಳು ಹಿಡಿಯಿತು.

“ಬಂದ್ಯಾ ನನ್ನ ಕಂದ. ಪುಟ್ಟಿ. ಎಷ್ಟು ದಿನ ಆಯ್ತೇ.”

ಸೆಂಟಕ್ಕ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, “ಹ್ಞೂಂ” ಎಂದಳು. ಅಂದು ಅತ್ತೆ ಬಟ್ಟಲು ಬರಿದು ಮಾಡಿದಳು.

ನೋಡಿ, ಈ ಮನೆಯಲ್ಲಿ ಆ ವಾಸನೆ ಪುಟ್ಟಿಯೊಬ್ಬಳದೇ ಎಂದು ಅತ್ತೆಯ ಮೂಗಿಗೆ ಕಲಿಸಿದವರು ಯಾರು? ಅತ್ತೆಯೇ. ಸೊಸೆಯನ್ನು ಅಷ್ಟು ವರ್ಷ ನಲ್ಲಿಯ ಕೆಳಗೆ ಉಜ್ಜಿಸದೆ ಇದ್ದಿದ್ದರೆ ಈ ಮೋಸ ನಡೆಯುತ್ತಲೇ ಇರಲಿಲ್ಲ. ಮಾರನೆಯ ದಿನದಿಂದ ಸೆಂಟಕ್ಕ ಒಂದು ಚಿಕ್ಕ ಬಾಟಲಿಯನ್ನು ಕೈಚೀಲದಲ್ಲೇ ಇಟ್ಟುಕೊಂಡಳು. ಹಿತ್ತಲಲ್ಲಿ ಕೈ ತೊಳೆಯುವ ಬದಲು ಮಣಿಕಟ್ಟಿಗೊಂದು ತೊಟ್ಟು, ಕತ್ತಿಗೊಂದು ತೊಟ್ಟು. ಗಂಟಲು ಕಟ್ಟಿದೆ ಎಂದು ಪಿಸುಗುಟ್ಟಿದರೆ ಅತ್ತೆಗೆ ಅಷ್ಟೇ ಸಾಕು. ಮೊದಲು ಇದನ್ನು ಮಾಡಿದ್ದು ಮುಖದ ಮೇಲೆ ಹಾಲು ಉಗಿಸಿಕೊಳ್ಳುವುದು ತಪ್ಪಲಿ ಎಂದು. ಆಮೇಲೆ ಹಾಗೆ ಉಳಿಯಲಿಲ್ಲ. ಉಂಡಾದ ಮೇಲೆ ಅತ್ತೆ ಅವಳ ತಲೆಯನ್ನು ಎದೆಗೆ ಎಳೆದುಕೊಂಡು ಕೂದಲಲ್ಲಿ ಬೆರಳಾಡಿಸುತ್ತಿದ್ದಳು. “ಸೊರಗಿದ್ದೀಯಲ್ಲೇ, ಅಲ್ಲಿ ಸರಿಯಾಗಿ ನೋಡ್ಕೋತಾರಾ?” ಎಂದು ಕೇಳುತ್ತಿದ್ದಳು. ತಾಯಿ ಸತ್ತ ಮೇಲೆ ಸೆಂಟಕ್ಕನ ತಲೆ ಮುಟ್ಟಿದವರಿಲ್ಲ. ಅದು ತನ್ನದಲ್ಲ ಎಂದು ಗೊತ್ತಿದ್ದೂ ಅವಳು ಆ ಬೆರಳಿಗಾಗಿ ಅಂಗಡಿಯಿಂದ ಓಡೋಡಿ ಬರತೊಡಗಿದಳು. ನಾಚಿಕೆಗೇಡು ಎನ್ನಿ, ಆಸೆ ಎನ್ನಿ, ಅವಳಿಗೆ ಅದು ಬೇಕಾಗಿತ್ತು. ಅಮ್ಮ ತನ್ನ ಹೆಂಡತಿಯನ್ನು ಪುಟ್ಟಿ ಎನ್ನುವುದನ್ನು ಗಂಡನೂ ಕೇಳಿಸಿಕೊಂಡ. ಮುದುಕಿಗೆ ಅರಳುಮರಳು ಎಂದುಕೊಂಡು, ಮನೆ ತಣ್ಣಗಿದೆಯಲ್ಲ ಎಂದು ಸುಮ್ಮನಾದ.

ಆದರೆ ಮಗಳ ಹತ್ತಿರ ತಾಯಿ ಬರೀ ಮುದ್ದು ಮಾಡುತ್ತಾಳೆಯೇ? ಸೊಸೆಯ ದೂರನ್ನೂ ಹೇಳುತ್ತಾಳೆ. ಸೆಂಟಕ್ಕ ಅತ್ತೆಯ ಎದೆಯ ಮೇಲೆ ತಲೆಯಿಟ್ಟು ತನ್ನ ಗುಣಗಾನ ಕೇಳುತ್ತಿದ್ದಳು. ಹೆರೋ ಯೋಗ್ಯತೆ ಇಲ್ಲದವಳು, ನನ್ನ ಮಗನ ಬಾಳು ಹಾಳು ಮಾಡಿದವಳು, ಬೀದಿ ಗಂಡಸರ ಕೈ ಹಿಡಿದು ಸೆಂಟು ಹಚ್ಚುವವಳು. ಕೂದಲಲ್ಲಿ ಬೆರಳು ಮಾತ್ರ ಮೆತ್ತಗೆ ಆಡುತ್ತಿತ್ತು. ಅದನ್ನೂ ನುಂಗಿಕೊಂಡಳು. ಬೆರಳಿಗೋಸ್ಕರ ನುಂಗಿಕೊಂಡಳು.

ಒಂದು ಸಂಜೆ ಅತ್ತೆ ಹುರುಪಿನಲ್ಲಿದ್ದಳು. ಬಾಯಿ ಒರೆಸಿಕೊಂಡು ಒಳಗೊಳಗೇ ನಕ್ಕಳು.

“ನಿನಗೋಸ್ಕರ ಏನೆಲ್ಲಾ ಮಾಡಿದ್ದೀನಿ ಗೊತ್ತಾ ಪುಟ್ಟಿ. ನಿನ್ನ ಅತ್ತೆ ಮನೆಯೋರು ಮೊದಲ್ನೇ ಸಲ ಊಟಕ್ಕೆ ಬಂದಿದ್ರಲ್ಲ, ಅವತ್ತು ಬೆಳಿಗ್ಗೇನೇ ಇವಳ ಅಣ್ಣ ಫೋನ್ ಮಾಡ್ದ. ಅಮ್ಮ ಹೋಗೋ ಹಾಗಿದ್ದಾಳೆ, ಇವಳ ಹೆಸರು ಕನವರಿಸ್ತಿದ್ದಾಳೆ, ಈಗ್ಲೇ ಕಳ್ಸಿ ಅಂತ.”

ಸೆಂಟಕ್ಕ ತಲೆ ಎತ್ತಲಿಲ್ಲ.

“ಕಳಿಸ್ಬಿಟ್ರೆ ಅಡುಗೆ ಯಾರು ಮಾಡ್ತಾರೆ? ನಿನ್ನ ಮದುವೆ ಮುರಿದುಬೀಳ್ತಿತ್ತು. ಹ್ಞೂಂ ಕಳಿಸ್ತೀನಪ್ಪಾ ಅಂತ ಇಟ್ಬಿಟ್ಟೆ. ನೆಂಟ್ರು ಹೋದ್ಮೇಲೆ ಈಗ ತಾನೇ ಬಂತು ಅಂದೆ. ಪೆದ್ದಿ, ನಂಬಿದ್ಲು. ನಿನ್ನ ಮೇಲೆ ಆಣೆ ಇಟ್ಟಿದ್ದೊಂದೇ ಮನಸ್ಸಿಗೆ ಚುಚ್ಚುತ್ತೆ. ನಿನಗೇನೂ ಆಗ್ಲಿಲ್ಲ ಅಲ್ವಾ ಕಂದ?”

“ಇಲ್ಲ” ಎಂದಳು ಸೆಂಟಕ್ಕ. ಅತ್ತೆಯ ಗಲ್ಲ ಒರೆಸಿ, ಹೊದಿಕೆ ಸರಿಮಾಡಿ, ಬಟ್ಟಲು ತೆಗೆದುಕೊಂಡು ಹಿತ್ತಲಿಗೆ ಹೋದಳು. ನಲ್ಲಿ ಬಿಟ್ಟು, ಬಟ್ಟೆ ಸೋಪು ಹಿಡಿದು, ಮೊಣಕೈವರೆಗೆ, ಕತ್ತಿನವರೆಗೆ, ಚರ್ಮ ಕೆಂಪಾಗುವವರೆಗೆ ಉಜ್ಜಿದಳು. ಅತ್ತೆ ಹೇಳಿಕೊಟ್ಟ ಹಾಗೆಯೇ.

ಆಮೇಲೆ ಅಣ್ಣನಿಗೆ ಫೋನ್ ಮಾಡಿದಳು. ನಡೆದದ್ದನ್ನು ಹೇಳಿದಳು.

“ಇದನ್ನ ನಾನು ಅವತ್ತೇ ಹೇಳಿದ್ದೆ” ಎಂದ ಅಣ್ಣ. “ನೀನು ನನ್ನ ನಂಬ್ಲಿಲ್ಲ, ಅವಳನ್ನ ನಂಬ್ದೆ. ಈಗ ನಾನೇನು ಮಾಡ್ಲಿ? ಅಮ್ಮನ್ನ ಎಬ್ಬಿಸಿ ಹೇಳ್ಲಾ?” ಫೋನ್ ಇಟ್ಟ.

ಮಾರನೆಯ ಸಂಜೆ ಸೆಂಟಕ್ಕ ಬಾಟಲಿ ಮುಟ್ಟಲಿಲ್ಲ. ಸೋಪಿನ ಕೈಯಲ್ಲೇ ಚಮಚ ಹಿಡಿದಳು. ಅತ್ತೆ ಮೂಸಿದಳು, ಉಗಿದಳು. “ಪುಟ್ಟಿ ಎಲ್ಲಿ?”

“ಬಂದಿಲ್ಲ” ಎಂದಳು ಸೆಂಟಕ್ಕ, ಅತ್ತೆಯ ಕಿವಿಗೆ ಬಾಯಿಟ್ಟು, ಸ್ಪಷ್ಟವಾಗಿ. “ಫೋನ್ ಮಾಡಿದ್ದೆ. ಬರೋಕ್ಕಾಗಲ್ವಂತೆ. ನಿಮ್ಮನ್ನ ನೋಡಿದ್ರೆ ತಲೆ ಸುತ್ತುತ್ತಂತೆ.”

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅತ್ತೆಯ ಮುಖ ಬಾಗಿಲಿನ ಕಡೆ ತಿರುಗಿತು, ತಿರುಗಿದ್ದು ಅಲ್ಲೇ ನಿಂತಿತು. ದಿನಾ ಸಂಜೆ ಸೆಂಟಕ್ಕ ಚಮಚ ಹಿಡಿದು ಕೂರುತ್ತಿದ್ದಳು, ದಿನಾ ಅತ್ತೆ ಬಾಯಿ ಬಿಗಿದುಕೊಳ್ಳುತ್ತಿದ್ದಳು. ಗಂಡ ತಿನ್ನಿಸಿದ ಒಂದೆರಡು ಚಮಚದಲ್ಲಿ ಜೀವ ಜೋತಾಡುತ್ತಿತ್ತು.

“ನೀನು ಕೊಟ್ರೆ ತಿಂತಿದ್ರಲ್ಲೇ. ಏನ್ ಮಾಡ್ತಿದ್ದೆ ಆಗ?” ಎಂದು ಗಂಡ ಅಂಗಲಾಚಿದ.

“ಏನೂ ಇಲ್ಲ.”

“ಸ್ವಲ್ಪ ನೋಡೇ.”

“ಹೊಂದ್ಕೊಂಡು ಹೋಗಿ” ಎಂದಳು.

ಡಾಕ್ಟರು ಬಂದು ನೋಡಿ, ಕರೆಯಬೇಕಾದವರನ್ನು ಕರೆಸಿ ಎಂದರು. ಪುಟ್ಟಿ ಗಂಡನ ಕಾರಿನಲ್ಲಿ ಬಂದಳು. ಒಳಗೆ ಬರುವ ಮೊದಲೇ ಅವಳ ಸೆಂಟು ಒಳಗೆ ಬಂತು. ಕಟ್ಟಿಗೆ, ಚರ್ಮ, ಕರಿಮೆಣಸಿನಂಥ ಘಾಟು. ದುಬಾರಿಯದು, ಸೆಂಟಕ್ಕನ ಕೌಂಟರಿನಲ್ಲಿ ಬೀಗ ಹಾಕಿದ ಕಪಾಟಿನಲ್ಲಿರುವಂಥದು. ಪುಟ್ಟಿ ಹಾಸಿಗೆಯ ಮೇಲೆ ಕವುಚಿ, “ಅಮ್ಮಾ, ನಾನಮ್ಮಾ, ಪುಟ್ಟಿ” ಎಂದಳು.

ಅತ್ತೆಯ ಹೊಳ್ಳೆ ಅರಳಿತು, ಮುಖ ಹಿಂಡಿಕೊಂಡಿತು. ಇದ್ದ ಬಲವನ್ನೆಲ್ಲ ಕೂಡಿಸಿ ಅವಳ ಎದೆಗೆ ಕೈಯಿಟ್ಟು ನೂಕಿದಳು. “ಯಾರಿವಳು? ಆಚೆ ಕಳಿಸಿ ಇವಳನ್ನ. ನನ್ನ ಮಗಳನ್ನ ಕರೀರಿ.”

“ನಾನೇ ಅಮ್ಮಾ, ನಿನ್ನ ಮಗಳು.”

“ನನ್ನ ಮಗಳ ವಾಸನೆ ನನಗೆ ಗೊತ್ತಿಲ್ವಾ? ಇವಳು ಯಾರೋ. ಆಚೆ ಹಾಕಿ.”

ಪುಟ್ಟಿ ಬಿಕ್ಕಿ ಬಿಕ್ಕಿ ಅತ್ತಳು. ಮತ್ತೆ ಮತ್ತೆ ಹತ್ತಿರ ಹೋದಳು, ಮತ್ತೆ ಮತ್ತೆ ನೂಕಿಸಿಕೊಂಡಳು. ಬಾಗಿಲ ಬಳಿ ಗೋಡೆಯ ಮೊಳೆಗೆ ಸೆಂಟಕ್ಕನ ಕೈಚೀಲ ನೇತಾಡುತ್ತಿತ್ತು. ಅದರೊಳಗೆ ಆ ಚಿಕ್ಕ ಬಾಟಲಿ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾದಿನಿಯ ಮಣಿಕಟ್ಟಿಗೆ ಒಂದು ತೊಟ್ಟು ಹಚ್ಚಿದ್ದರೆ ತಾಯಿ ಮಗಳು ಇಬ್ಬರೂ ಬದುಕಿಕೊಳ್ಳುತ್ತಿದ್ದರು. ಸೆಂಟಕ್ಕನ ಕೈ ಒಮ್ಮೆ ಎದ್ದಿತು ಕೂಡ. ಎಷ್ಟು ಸಾವಿರ ಮಣಿಕಟ್ಟಿಗೆ ಹಚ್ಚಿದ ಕೈ ಅದು. ಅವಳು ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಬಾಗಿಲ ಕಡೆ ನೋಡುತ್ತ ಸತ್ತ ತನ್ನ ತಾಯಿಯನ್ನು ನೆನೆದಳು. “ಹಾಲು ಬಿಸಿ ಮಾಡ್ತೀನಿ” ಎಂದು ಅಡುಗೆಮನೆಗೆ ಹೋಗಿ ಒಲೆ ಹಚ್ಚಿ ನಿಂತಳು. ಹಾಲು ಉಕ್ಕುವ ಹೊತ್ತಿಗೆ ಒಳಗಿನ ಕೂಗು ನಿಂತಿತ್ತು.

ಅತ್ತೆ ಹೋದಾಗ ಮುಖ ಬಾಗಿಲಿನ ಕಡೆಗೇ ಇತ್ತು. ಗಂಡ ಅದನ್ನು ತಿರುಗಿಸಿ ನೆಟ್ಟಗೆ ಮಾಡಿದ.

ಎದೆ ಹಗುರಾಗುತ್ತದೆ ಎಂದು ಸೆಂಟಕ್ಕ ಕಾದಳು. ಆಗಲಿಲ್ಲ. ಹೆಣದ ಪಕ್ಕಕ್ಕೆ ಬಿದ್ದಿದ್ದ, ಲಕ್ವ ಹೊಡೆಯದ ಆ ಕೈಯ ಬೆರಳುಗಳನ್ನು ನೋಡಿದಳು. ಇನ್ನು ಸಾಯುವವರೆಗೂ ತನ್ನ ತಲೆಯನ್ನು ಯಾರೂ ಮುಟ್ಟುವುದಿಲ್ಲ ಎಂದು ಹೊಳೆದಾಗ, ಕೂತಲ್ಲೇ ಅವಳಿಗೆ ಅಳು ಬಂತು. ನೋಡಿದವರು ಎಂಥ ಸೊಸೆ ಎಂದರು.

ನೆಂಟರು ಬರುವುದನ್ನು ಕಾಯುತ್ತ ಕೂತಿದ್ದಾಗ ಪುಟ್ಟಿಯ ಕರವಸ್ತ್ರ ತೊಯ್ದು ತೊಪ್ಪೆಯಾಗಿತ್ತು. “ಅತ್ತಿಗೆ, ನಿಮ್ಮ ಕರ್ಚೀಫ್ ತಗೊಳ್ಳಾ?” ಎಂದು ಕೈಚೀಲಕ್ಕೆ ಕೈ ಹಾಕಿದಳು. ಕೈಗೆ ಬಾಟಲಿ ಬಂತು. ಮುಚ್ಚಳ ತೆಗೆದು ಮೂಸಿದಳು. ಅತ್ತು ಊದಿದ ಮುಖ ಸಡಿಲವಾಯಿತು, ಹೆಗಲು ಇಳಿಯಿತು; ಗಿರಾಕಿಗಳಿಗೆಲ್ಲ ಆಗುವ ಹಾಗೆಯೇ.

“ಇದು ನಂದು. ನಾನು ಹಾಕ್ಕೋತಿದ್ನಲ್ಲ, ಅದೇ. ಮಕ್ಕಳ ಥರ ಇದೆ ಅಂತ ನಮ್ಮನೆಯೋರು ಬಿಡಿಸಿಬಿಟ್ರು.” ಅವಳು ಮಣಿಕಟ್ಟಿಗೆ ಹಚ್ಚಿಕೊಂಡಳು, ಕತ್ತಿಗೆ ಹಚ್ಚಿಕೊಂಡಳು, ಹೋಗಿ ಮಣಿಕಟ್ಟನ್ನು ತಾಯಿಯ ಮೂಗಿನ ಕೆಳಗೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು. ಆಮೇಲೆ ತಿರುಗಿ ನೋಡಿದಳು. ಅವಳಿಗೆ ಈಗ ಗೊತ್ತಾಗತೊಡಗಿತ್ತು.

“ವಾಸನೆ, ವಾಸನೆ ಅಂದ್ಲಲ್ಲ ಅಮ್ಮ. ಇದನ್ನ ಹಾಕ್ಕೊಂಡಿದ್ರೆ ಗುರುತು ಹಿಡೀತಿದ್ಲು. ನಿಮಗೆ ಹೊಳೀಲಿಲ್ವಾ ಅತ್ತಿಗೆ?”

ಸೆಂಟಕ್ಕ ಕಣ್ಣೊರೆಸಿಕೊಂಡಳು.

“ನನಗೂ ಈಗ ತಾನೇ ಹೊಳೀತು, ಪುಟ್ಟಿ” ಎಂದಳು. ಎದ್ದು ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿದಳು.